ಎಂಟನೇ ಚೌಕದ ಕೆಮ್ಮು

ನಾನು ಹಾಡುವುದು ಗಾಡಿಯ ಮೇಲೆ. ನಮ್ಮ ಬೀದರ ಕಡೆಯ ಮದುವೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳುತ್ತೇನೆ. ಅಕ್ಷತೆಗೆ ಮುಂಚೆ ಮದುಮಗ ಕುದುರೆ ಏರಿ ಹಣಮಂದೇವರ ಗುಡಿಗೆ ಹೋಗಿ ಕೈಮುಗಿದು ಬರಬೇಕು. ಅವನ ಮುಂದೆ ಒಂದು ಸಾಮಾನಿನ ಟೆಂಪೊ ಗಾಡಿ, ನಡೆಯುವವರಿಗಿಂತ ನಿಧಾನವಾಗಿ ಹೋಗುತ್ತಿರುತ್ತದೆ. ಅದರ ತುಂಬ ಕಪಾಟಿನಷ್ಟೆತ್ತರದ ಸ್ಪೀಕರುಗಳು, ಒಂದು ಕೀಬೋರ್ಡು, ಒಂದು ಪ್ಯಾಡು, ಹಿಂದೆ ಕಟ್ಟಿದ ಜನರೇಟರು. ಪ್ಯಾಡು ಎಂದರೆ ಎಂಟು ರಬ್ಬರ್ ಚೌಕಗಳಿರುವ ಯಂತ್ರ. ಕೋಲಿನಿಂದ ಒಂದು ಚೌಕಕ್ಕೆ ಬಡಿದರೆ ಢೋಲಿನ ಸದ್ದು, ಇನ್ನೊಂದಕ್ಕೆ ಬಡಿದರೆ ಹಲಗೆಯದು. ಈ ಎಲ್ಲದರ ನಡುವೆ ಕಂಬಿಗೆ ಹಗ್ಗದಿಂದ ಬಿಗಿದ ಒಂದು ಪ್ಲಾಸ್ಟಿಕ್ ಕುರ್ಚಿ ಇದೆ. ಅದು ನನ್ನದು. ಕುರ್ಚಿಯನ್ನು ಮಾತ್ರ ಬಿಗಿದಿರುತ್ತಾರೆ, ನನ್ನನ್ನು ಯಾರೂ ಬಿಗಿಯುವುದಿಲ್ಲ. ರಸ್ತೆಯಲ್ಲಿ ಹೊಂಡ ಬಂದರೆ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಕಂಬಿ ಹಿಡಿಯುವುದು ನನ್ನ ಜವಾಬ್ದಾರಿ.

ಹಾಡು ಶುರುವಾದದ್ದು ನಮ್ಮ ಓಣಿಯ ಬುದ್ಧವಿಹಾರದಲ್ಲಿ, ವಂದನೆ ಹೇಳಿಕೊಡುತ್ತ. ಅಲ್ಲಿಂದ ಜಯಂತಿ ಮೆರವಣಿಗೆಗೆ, ಮೆರವಣಿಗೆಯಿಂದ ಮದುವೆಗೆ ಬಾರಿಸುವ ಬ್ಯಾಂಡ್ ಪಾರ್ಟಿಗಳಿಗೆ ಬಂದೆ. ಮೊದಲ ಪಾರ್ಟಿಯವರು ನನ್ನ ಮೈಕಿಗೆ ಎಷ್ಟು ಪ್ರತಿಧ್ವನಿ ಹಚ್ಚುತ್ತಿದ್ದರೆಂದರೆ, ನಾನು ಪಲ್ಲವಿ ಮುಗಿಸಿ ನೀರು ಕುಡಿಯುವಾಗಲೂ ಹಾಡುತ್ತಲೇ ಇರುತ್ತಿದ್ದೆ. ಅದಾದ ಮೇಲಿನ ಪಾರ್ಟಿಯಲ್ಲಿ ದನಿ ಬದಲಿಸುವ ಪೆಟ್ಟಿಗೆ ಇತ್ತು. ಗುಂಡಿ ಒತ್ತಿದರೆ ನಾನು ಗಂಡಸು, ಬಿಟ್ಟರೆ ಹೆಂಗಸು. ಜೋಡಿಹಾಡುಗಳನ್ನೆಲ್ಲ ಒಬ್ಬಳೇ ಹಾಡುತ್ತಿದ್ದೆ. ನನ್ನ ಮೇಲೆ ನಾನೇ ಮುನಿಸಿಕೊಂಡು, ನಾನೇ ರಮಿಸಿಕೊಳ್ಳುತ್ತಿದ್ದೆ. ನಮ್ಮ ಮನೆಯವರು ಒಮ್ಮೆ ಮೆರವಣಿಗೆಯಲ್ಲಿ ದೂರದಿಂದ ಕೇಳಿ, ರಾತ್ರಿ ಊಟಕ್ಕೆ ಕೂತಾಗ, "ನಿನ್ನ ಜೋಡಿ ಹಾಡ್ತಾನಲ್ಲ, ಆಂವ ಯಾವೂರವ?" ಎಂದು ಕೇಳಿದರು. ನಾನೇ ಎಂದು ಹೇಳಿದೆ. ನಂಬಲಿಲ್ಲ. ಗಂಟಲು ದಪ್ಪ ಮಾಡಿ ಎರಡು ಸಾಲು ಹಾಡಿ ತೋರಿಸಿದೆ. ಅದು ಬೇರೆ ಥರ ಇದೆ ಎಂದರು. ಆ ಗಂಡಸಿನ ಮೇಲಿನ ಅನುಮಾನ ಅವರಿಗೆ ಇನ್ನೂ ಪೂರ್ತಿ ಹೋಗಿಲ್ಲ.

ಈಗಿನ ಪಾರ್ಟಿಯ ಮಾಲಕ ಕೋಟೆ ಕಡೆಯ ಹಳೆಯ ಓಣಿಯವನು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ನಮ್ಮ ಕನ್ನಡ. ಕೀಬೋರ್ಡು ಅವನೇ ನುಡಿಸುತ್ತಾನೆ. ನನಗಿಂತ ಚಿಕ್ಕವನು, ನನಗೆ ಅಕ್ಕಾ ಅನ್ನುತ್ತಾನೆ, ನಾನು ಭಾಯ್ ಅನ್ನುತ್ತೇನೆ. ಒಂದು ದಿನ ಅವನು ಹೊಸ ಪ್ಯಾಡು ತಂದ. ಅದರೊಳಗೆ ಮನುಷ್ಯರ ದನಿಯನ್ನೂ ತುಂಬಿಸಿಡಬಹುದಂತೆ.

"ಅಕ್ಕಾ, ಒಂದೊಂದು ತುಕಡಿ ಹೇಳ್ರಿ ಸಾಕು," ಅಂದ. "ಹೋಯ್, ಹಾಂ, ಬರ್ರಿ ಬರ್ರಿ, ಇಂಥಾವು. ನಡುನಡುವ ಪ್ಯಾಡ್ ಬಡೀತದ, ನಿಮ್ಮ ಗಂಟ್ಲಿಗಿ ಆರಾಮ."

ದನಿ ತುಂಬಿಸಲು ಅವನ ಮನೆಯ ಅಡುಗೆಮನೆಗೆ ಹತ್ತಿದ ಕೋಣೆಯೇ ಗತಿ. ಅಲ್ಲಿಯ ಗೋಡೆಗಳು ದಪ್ಪ, ರಸ್ತೆಯ ಹಾರನ್ನು ಕೇಳುವುದಿಲ್ಲ. ಕಿಟಕಿಗೆ ದುಪ್ಪಟಿ ತೂಗುಹಾಕಿದೆವು. ಅಡುಗೆಮನೆಯಲ್ಲಿ ಅವನ ತಾಯಿ ದಾಲಿಗೆ ಬಘಾರ, ಅಂದರೆ ಒಗ್ಗರಣೆ, ಕೊಡುವ ಹೊತ್ತು. ಸದ್ದು ಮಾಡಬೇಡ ಎಂದು ಮಗ ಒತ್ತಿ ಹೇಳಿದ್ದ. ಆ ತಾಯಿ ಮಾಡಲಿಲ್ಲ. ಸೌಟು ಬಡಿಯಲಿಲ್ಲ, ಬಳೆ ಮೊಳಕೈವರೆಗೆ ಏರಿಸಿಕೊಂಡು, ಬೆಕ್ಕಿನ ಹೆಜ್ಜೆ ಇಟ್ಟು, ಕಾದ ಎಣ್ಣೆಗೆ ಒಂದು ಹಿಡಿ ಒಣಮೆಣಸಿನಕಾಯಿ ಹಾಕಿದರು. ಘಾಟಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ನಾನು "ಬರ್ರಿ ಬರ್ರಿ" ಅನ್ನಲು ಬಾಯಿ ತೆರೆದದ್ದಷ್ಟೇ. "ಖ್ಹೂಂ, ಖ್ಹೂಂ, ಖ್ಹಾ... ಯವ್ವಾ!"

ಮಾಲಕನೂ ಕೆಮ್ಮಿದ, ತಾಯಿಯೂ ಕೆಮ್ಮಿದರು, ಮೂವರೂ ಅಂಗಳಕ್ಕೆ ಓಡಿದೆವು. ಕಣ್ಣೊರೆಸಿಕೊಂಡು ಮತ್ತೆ ಒಳಗೆ ಬಂದು, ಸರಿಯಾಗಿ "ಬರ್ರಿ ಬರ್ರಿ" ಹೇಳಿದೆ. ಮಾಲಕ ಎರಡರಲ್ಲಿ ಒಂದನ್ನು ಅಳಿಸಿ ಒಂದನ್ನು ಇಟ್ಟ. ಅಳಿಸಿದ್ದು "ಬರ್ರಿ ಬರ್ರಿ". ಎಂಟನೇ ಚೌಕದಲ್ಲಿ ಕೂತದ್ದು ಕೆಮ್ಮು. ಇದು ನಮಗೆ ಗೊತ್ತಾದದ್ದು ಭಾಲ್ಕಿಯಲ್ಲಿ.

ಭಾಲ್ಕಿಯ ಮದುವೆಯಲ್ಲಿ ಮದುಮಗ ಆಗತಾನೆ ಕುದುರೆ ಏರಿದ್ದ. ನಾನು ನಿಧಾನದ ಒಂದು ಹಾಡು ಎತ್ತಿಕೊಂಡಿದ್ದೆ. ನಮ್ಮ ಪ್ಯಾಡಿನವನು ಜನರನ್ನು ಕರೆಯಲೆಂದು ಎಂಟನೇ ಚೌಕಕ್ಕೆ ಬಡಿದ. ಅಷ್ಟೂ ಸ್ಪೀಕರುಗಳಿಂದ ನನ್ನ ಕೆಮ್ಮು ಒಮ್ಮೆಗೇ ಹೊರಬಿತ್ತು. ಕೊನೆಯ "ಯವ್ವಾ!" ಎಂಬ ಕೂಗಿಗೆ ಕುದುರೆ ಎರಡು ಹೆಜ್ಜೆ ಹಿಂದೆ ಸರಿಯಿತು. ನಾನು ಹಾಡು ನಿಲ್ಲಿಸಿ ಬಾಯಿ ಮುಚ್ಚಿಕೊಂಡೆ, ಕೆಮ್ಮಿದವಳು ನಾನಲ್ಲವಾದರೂ.

ಬೈಯುತ್ತಾರೆಂದುಕೊಂಡೆ. ಮದುಮಗನ ಗೆಳೆಯರು ಗಾಡಿಗೆ ಮುಗಿಬಿದ್ದರು.

"ಮತ್ತೊಮ್ಮಿ ಬಡಿ! ಏ ಅದೇ ಬಡಿಯೋ!"

ಪ್ಯಾಡಿನವನು ಬಡಿದ. ಬಡಿಯುತ್ತ ಬಡಿಯುತ್ತ ತಾಳಕ್ಕೆ ಕೂಡಿಸಿದ. ಗುಡಿ ಮುಟ್ಟುವಷ್ಟರಲ್ಲಿ ಆ ಹುಡುಗರು ಕುಣಿತವನ್ನೂ ಹುಟ್ಟಿಸಿಬಿಟ್ಟಿದ್ದರು: ಎದೆ ಹಿಡಿದು ಎರಡು ಸಲ ಬಗ್ಗುವುದು, "ಯವ್ವಾ" ಬಂದಾಗ ಎರಡೂ ಕೈ ಮೇಲೆತ್ತಿ ಹಾರುವುದು. ಬೀಗರಲ್ಲಿ ಹಿರಿಯರೊಬ್ಬರು ಬಹಳ ಸೊಗಸಾಗಿ ಬಗ್ಗುತ್ತಿದ್ದರು. ಆಮೇಲೆ ನೋಡಿದರೆ ಅವರಿಗೆ ನಿಜವಾಗಿಯೂ ದಮ್ಮು ಇತ್ತು, ಅವರ ಮಗ ಬಂದು ಕೈಹಿಡಿದು ಕರೆದುಕೊಂಡು ಹೋದ.

ಅಲ್ಲಿಂದ ಮಾಲಕನ ಫೋನು ಸುಮ್ಮನಿರಲಿಲ್ಲ. ಠಾಣಾ ಕುಶನೂರದಿಂದ, ಚಿಂತಾಕಿಯಿಂದ, ಎಲ್ಲರದೂ ಒಂದೇ ಪ್ರಶ್ನೆ: "ಕೆಮ್ಮಿನ ಪಾರ್ಟಿ ನಿಮ್ದೇ ಏನ್ರಿ?" ನನ್ನ ಹಾಡುಗಳು ಕುಗ್ಗತೊಡಗಿದವು. ಮೊದಲು ಚರಣಗಳು ಹೋದವು, ಆಮೇಲೆ ಪಲ್ಲವಿಯೂ ಅರ್ಧವಾಯಿತು. ನಾನು ಮೈಕು ಹಿಡಿದರೆ ಸಾಕು, ಕೆಳಗಿನಿಂದ "ಅಕ್ಕಾರ, ಸರೀರಿ, ಕೆಮ್ಮ ಹಚ್ಲಿ!" ಎಂಬ ಕೂಗು. ಒಮ್ಮೆ ರೋಸಿ ಮೈಕಿನಲ್ಲಿ ನಾನೇ ಕೆಮ್ಮಿಬಿಟ್ಟೆ. ಜನ ಒಪ್ಪಲಿಲ್ಲ. "ಇದು ಅಸಲಿ ಅಲ್ಲ, ನಕಲಿ!" ಎಂದು ಗದ್ದಲ ಮಾಡಿದರು.

ಯಾರು ಯಾರಿಗೆ ಕೊಟ್ಟರೋ, ಕೆಮ್ಮು ಫೋನುಗಳಿಗೂ ಹತ್ತಿತು. ಸಂತಪುರದ ಬಸ್ಸಿನಲ್ಲಿ ಹೋಗುವಾಗ ಪಕ್ಕದ ಹೆಣ್ಣುಮಗಳ ಚೀಲದಿಂದ ನಾನು ಕೆಮ್ಮಿದೆ. ಮುಂದೆ ಕೂತವರು ತಿರುಗಿ ನನ್ನನ್ನೇ ನೋಡಿ, "ಖಿಡಕಿ ತೆಗೀರಿ, ಗಾಳಿ ಆಡ್ಲಿ" ಅಂದರು. ನಾನಲ್ಲ, ಫೋನು ಎಂದೆ. ಅದು ಸುಳ್ಳೂ ಆಯಿತು, ನಿಜವೂ ಆಯಿತು.

ಔರಾದದ ಮದುವೆಗೆ ಹೊರಡುವ ಮುಂಚೆ ಮಾಲಕ ಗಾಡಿಯ ಬಳಿ ನಿಂತು ತಲೆ ಕೆರೆದುಕೊಂಡ.

"ಅಕ್ಕಾ, ಒಂದು ಮಾತು ಹೇಳ್ತೇನಿ, ಸಿಟ್ಟ ಆಗಬ್ಯಾಡ್ರಿ."

"ಹೇಳು ಭಾಯ್."

"ಹೊಗಿ ಮಷೀನ್ ತಂದೀನಿ. ಈಗ ಎಲ್ಲಾರೂ ಕೇಳ್ತಾರ, ಬೆಳ್ಳಗ ಮೋಡ ಬಂದಂಗ ಕಾಣ್ತದ. ಇಡ್ಲಾಕ ಜಾಗಾ ಇಲ್ಲ."

"ಒಂದು ಸ್ಪೀಕರ್ ಇಳಸು."

"ಸ್ಪೀಕರ್ ಇಳಸಿದ್ರ ಕೆಮ್ಮು ಕೇಳ್ಸಂಗಿಲ್ರಿ."

"ಮತ್ತ ನನಗ ಇಳೀ ಅಂತಿಯೇನು?"

"ಛೇ ಛೇ. ನಿಮ್ಮ ದನಿ ಹ್ಯಾಂಗೂ ಪ್ಯಾಡಿನ್ಯಾಗ ಅದಲ್ರಿ. ನೀವು ಮನ್ಯಾಗ ಆರಾಮ ಕುಂದರ್ರಿ, ನಿಮ್ಮ ಕೆಲಸ ತಾನಾ ನಡೀತದ."

ಪ್ರೀತಿಯಿಂದಲೇ ಹೇಳಿದ, ಅದು ನನಗೆ ಗೊತ್ತು. ಆದರೆ ಈ ವಯಸ್ಸಿನ ಹೆಂಗಸನ್ನು ಇನ್ನು ಯಾವ ಹೊಸ ಪಾರ್ಟಿಯೂ ಗಾಡಿಗೆ ಹತ್ತಿಸುವುದಿಲ್ಲ. ಆ ಕುರ್ಚಿ ಹೋದರೆ ನನ್ನ ಹಾಡೂ ಹೋಯಿತು. ಮನೆಯಲ್ಲಿ ಹಾಡಬೇಡ ಎಂದು ಯಾರೂ ಅನ್ನುವುದಿಲ್ಲ, ನಿಜ. ಕುಕ್ಕರು ಮಾತ್ರ ನಡುನಡುವೆ ಸೀಟಿ ಹೊಡೆಯುತ್ತದೆ. ಅದನ್ನು ಕೇಳುಗರೆಂದು ಎಣಿಸಲು ನನಗೆ ಮನಸ್ಸು ಬರಲಿಲ್ಲ. ಔರಾದದಲ್ಲಿ ಕುರ್ಚಿ, ಮಷೀನು ಎರಡನ್ನೂ ಒತ್ತಿ ಕೂಡಿಸೋಣ, ಯಾವುದು ಬೇಕೋ ಆಮೇಲೆ ತೀರ್ಮಾನ ಮಾಡು ಎಂದೆ. ಅವನು ಒಪ್ಪಿದ. ಕುರ್ಚಿಯನ್ನು ಅಡ್ಡ ತಿರುಗಿಸಿ, ನನ್ನ ಮೊಣಕಾಲಿಗೆ ತಾಗುವಂತೆ ಹೊಗೆ ಮಷೀನು ಇಟ್ಟರು. ನಾನು ಒಂದು ಯಂತ್ರದ ಜೊತೆ ಪೈಪೋಟಿಗೆ ಕೂತು, ಬೀದರಿನಿಂದ ಔರಾದದವರೆಗೆ ಅದು ಉರುಳದಂತೆ ಕಾಲಿನಿಂದ ಅದುಮಿ ಹಿಡಿದುಕೊಂಡು ಹೋದೆ.

ಔರಾದದಲ್ಲಿ ಮೆರವಣಿಗೆ ಹೊರಟದ್ದು ಮದುಮಗನ ಮನೆಯ ಮುಂದಿನಿಂದ. ಬಾಗಿಲಲ್ಲಿ ಅವನ ಅಜ್ಜಿ ಕೂತಿದ್ದರು. ಎಲ್ಲರೂ ಅವರಿಗೆ ಆಯಿ ಅನ್ನುತ್ತಿದ್ದರು. ಗಾಡಿ ಅವರ ಎದುರಿಗೆ ಬರುವ ಹೊತ್ತಿಗೆ ಮಾಲಕ ಹೊಗೆಯ ಗುಂಡಿ ಒತ್ತಿದ. ಭುಸ್ಸೆಂದು ಹೊಗೆ ಬಂದು ನಾನು ಮುಳುಗಿಹೋದೆ. ಹೊರಗಿನವರಿಗೆ ನನ್ನ ಚಪ್ಪಲಿ ಮತ್ತು ಸೀರೆಯ ಅಂಚು ಕಂಡಿರಬೇಕು. ಅದೇ ಗಳಿಗೆಗೆ ಪ್ಯಾಡಿನವನು ಎಂಟನೇ ಚೌಕಕ್ಕೆ ಬಡಿದ. "ಖ್ಹೂಂ, ಖ್ಹೂಂ, ಖ್ಹಾ... ಯವ್ವಾ!"

ಹುಡುಗರು ಎದೆ ಹಿಡಿದು ಬಗ್ಗಿದರು. ಆಯಿ ಎದ್ದು ನಿಂತರು.

"ಏ! ನಿಲ್ಲಸ್ರಿ ಗಾಡಿ! ಹೆಣ್ಮಗಳು ಹೊಗ್ಯಾಗ ಸಾಯ್ಲತ್ತಾಳ, ನೀವು ಕುಣೀಲತ್ತೀರಿ? ಯಾರ ಮಕ್ಕಳೋ ನೀವು!"

ಯಾರಾದರೂ ಅರ್ಥ ಮಾಡಿಸುವ ಮುಂಚೆ ಮನೆಯ ಹೆಂಗಸರು ನನ್ನನ್ನು ಗಾಡಿಯಿಂದ ಇಳಿಸಿ ಒಳಗೆ ಎಳೆದುಕೊಂಡು ಹೋಗಿದ್ದರು. ಆಯಿ ನನ್ನ ಬೆನ್ನು ತಿಕ್ಕಿದರು. ಓಮಿನ ಕಾಳು ಬಾಯಿಗೆ ತುಂಬಿದರು. ಅದನ್ನು ನುಂಗುವುದರೊಳಗೆ ಅರಿಶಿನದ ಹಾಲು ಬಂತು.

"ನಂಗ ಏನೂ ಆಗಿಲ್ಲ ಆಯಿ."

"ಬಾಯಿ ಮುಚ್ಚು. ಕೆಮ್ಮೋರು ಎಲ್ಲಾ ಹಿಂಗೇ ಅಂತಾರ. ಕುಡಿ."

ಕುಡಿಯುತ್ತಿದ್ದೆ. ಹೊರಗೆ ಹುಡುಗರಿಗೆ ತಡೆಯಲಾಗಲಿಲ್ಲ, ಪ್ಯಾಡಿನವನಿಂದ ಮತ್ತೆ ಬಡಿಸಿದರು. ಹಾಲಿನ ಲೋಟ ನನ್ನ ತುಟಿಗಿತ್ತು, ಕೆಮ್ಮು ರಸ್ತೆಯಿಂದ ಬಂತು. ಆಯಿ ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು.

"ಅಕಿ ಯಾರು?"

"ಅದೂ ನಾನಾ ಆಯಿ."

"ಮತ್ತ ನೀ ಯಾರು?"

ಮೆಣಸಿನಕಾಯಿಯಿಂದ ಹಿಡಿದು ಎಂಟನೇ ಚೌಕದವರೆಗೆ ಎಲ್ಲವನ್ನೂ ಹೇಳಿದೆ. ಆಯಿ ನಂಬಲಿಲ್ಲ, ತೋರಿಸು ಎಂದು ನನ್ನ ಕೈಹಿಡಿದು ಹೊರಗೆ ಬಂದರು. ಮನೆಯೊಳಗಿಂದ ಒಂದು ಕುರ್ಚಿ ತರಿಸಿ, ಅದರ ಮೇಲೆ ಹತ್ತಿ ನಿಂತು, ಗಾಡಿಯ ಅಂಚಿನ ಮೇಲಿಂದ ಕೈಚಾಚಿ ಕೋಲು ಇಸಿದುಕೊಂಡರು. ಬಡಿದರು. ಕೆಮ್ಮು ಬಂತು. ಬೆಚ್ಚಿ ನನ್ನ ಕಡೆ ತಿರುಗಿ, "ನಿನಗ ನೋವಾಯ್ತೇನು?" ಎಂದರು.

"ಇಲ್ಲ ಆಯಿ."

ಸ್ವಲ್ಪ ಜೋರಾಗಿ ಬಡಿದರು. "ಈಗ?"

"ಈಗೂ ಇಲ್ಲ."

ಮೆರವಣಿಗೆಗೆ ಮೆರವಣಿಗೆಯೇ ನಿಂತು ಕಾಯುತ್ತಿತ್ತು. ಕುದುರೆಯ ಮೇಲಿನ ಮೊಮ್ಮಗ, "ಆಯಿ, ಮುಹೂರ್ತ ಮೀರ್ತದ, ಸಾಕು ಬಿಡು" ಎಂದು ಗೋಗರೆದ. "ನೀ ಸುಮ್ನ ಕುಂದರು, ನಿನಗ ನಾಳಿಂದ ನಿನ್ನ ಹೆಂಡ್ತಿ ಹೇಳ್ತಾಳ, ಇವತ್ತ ನಾ ಹೇಳ್ತೀನಿ" ಎಂದು ಆಯಿ ಅವನ ಬಾಯಿ ಮುಚ್ಚಿಸಿ, ಮಾಲಕನನ್ನು ಕರೆದರು.

"ಕೆಮ್ಮು ಇರ್ಲಿ, ಹುಡುಗೋರು ಕುಣೀಲತ್ತಾರ. ಆದ್ರ ಈ ಹೆಣ್ಮಗಳು ಮುಂದ ಕುಂದ್ರಬೇಕು. ಆರಾಮ ಇದ್ದದ್ದು ಮಂದಿಗಿ ಕಾಣಬೇಕು. ಮಾರಿ-ಮುಖ ಇಲ್ಲದ ಕೆಮ್ಮು ನನ್ನ ಮೊಮ್ಮಗನ ಮದುವ್ಯಾಗ ಬ್ಯಾಡ. ಆ ಹೊಗಿ ಒಲಿ ಕೆಳಗ ಇಳಸು."

"ಆಯಿ, ಅದು ಒಲಿ ಅಲ್ರಿ, ಹೊಸಾ ಮಷೀನ್..."

"ಹೊಗಿ ಬಂದ್ರ ಒಲಿನೇ. ಇಳಸು."

ಹೊಗೆ ಮಷೀನು ಆಯಿಯ ಮನೆಯ ಕಟ್ಟೆಯ ಮೇಲೆ ಇಳಿಯಿತು. ನನ್ನ ಕುರ್ಚಿಯನ್ನು ಗಾಡಿಯ ಮುಂಭಾಗಕ್ಕೆ ತಂದು ಎರಡು ಸುತ್ತು ಹಗ್ಗ ಬಿಗಿದರು. ಮಾಲಕ ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ಇನ್ನ ಮುಂದ ಎಲ್ಲಾ ಮದುವಿಗಿ ನೀವು ಬರ್ಲೇಬೇಕ್ರಿ. ಒಂದು ಮನ್ಯಾಗ ಹಿಂಗ ಆತಂದ್ರ ಎಲ್ಲಾ ಮನ್ಯಾಗೂ ಆಯಿಗೋಳು ಅದಾರ" ಎಂದ. "ಹಾಡೋದು ಬ್ಯಾಡ, ಸುಮ್ನ ನಕ್ಕೋತ ಕುಂತ್ರ ಸಾಕು."

ಕುರ್ಚಿ ಉಳಿಯಿತು. ನಾನು ಹತ್ತಲಿಲ್ಲ. ಆಯಿ ಇನ್ನೂ ನೋಡುತ್ತಿದ್ದರು, ಅಂಥ ಹೊತ್ತು ಮತ್ತೆ ಸಿಗುವುದಿಲ್ಲ ಎನ್ನಿಸಿತು.

"ಬರ್ತೇನಿ ಭಾಯ್. ಪ್ರತಿ ಮದುವ್ಯಾಗ ಒಂದು ಹಾಡು ಪೂರಾ ಹಾಡ್ತೇನಿ. ಎಲ್ಲಾ ಚರಣ. ನಡುವ ಪ್ಯಾಡ್ ಬಡೀಬಾರ್ದು."

"ಟೈಮ್ ಎಲ್ಲದ ಅಕ್ಕಾ?"

"ನೀನಾ ಹುಡುಕು."

ಅವನು ಆಯಿಯ ಕಡೆ ಒಮ್ಮೆ ನೋಡಿ, ಆಗಲಿ ಎಂದು ಕೈಮುಗಿದ.

ಅವನು ಹುಡುಕಿದ ಹೊತ್ತು ಮಂಟಪದ ಬಾಗಿಲಿನದು. ಗುಡಿಗೆ ಹೋಗಿ ಬಂದು, ಮದುಮಗ ಕುದುರೆ ಇಳಿದು, ಜನರೆಲ್ಲ ಅಕ್ಷತೆಗೆಂದು ಒಳಗೆ ನುಗ್ಗಿದ ಮೇಲೆ ಗಾಡಿಯ ಹತ್ತಿರ ಯಾರೂ ಉಳಿಯಲಿಲ್ಲ. ಡ್ರೈವರು ಬೀಡಿ ಹಚ್ಚಿದ್ದ. ಕುದುರೆಯವನು ಕುದುರೆಗೆ ಹಸಿ ಕಡಲೆ ಗಿಡ ತಿನ್ನಿಸುತ್ತಿದ್ದ. ಪ್ಯಾಡಿನವನ ಕೋಲುಗಳನ್ನು ನಾನು ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡೆ. ಮಾಲಕ ಕೀಬೋರ್ಡಿನ ಮೇಲೆ ಶ್ರುತಿ ಹಿಡಿದ. ಬಹಳ ದಿನಗಳ ಮೇಲೆ ನಾನು ಪಲ್ಲವಿ ಪೂರ್ತಿ ಹಾಡಿದೆ, ಮತ್ತೊಮ್ಮೆ ಹಾಡಿದೆ, ಮೊದಲ ಚರಣ ಮುಗಿಸಿದೆ. ಯಾರೂ ಕೂಗಲಿಲ್ಲ.

ಕುದುರೆಯವನು ಕಡಲೆ ಗಿಡ ಹಿಡಿದ ಕೈ ಕೆಳಗಿಳಿಸಿ, ನನ್ನನ್ನೇ ನೋಡುತ್ತಿದ್ದ.

"ಅಕ್ಕಾರ, ನಿಮಗ ಹಾಡ್ಲಾಕೂ ಬರ್ತದೇನ್ರಿ?"

ಉತ್ತರ ಕೊಡಲು ನಿಂತರೆ ಒಳಗಿನಿಂದ ಯಾರಾದರೂ ಕೆಮ್ಮು ಬೇಕೆಂದು ಬಂದುಬಿಡುತ್ತಾರೆಂದು, ತಲೆಯಾಡಿಸುತ್ತಲೇ ಎರಡನೆಯ ಚರಣ ಎತ್ತಿಕೊಂಡೆ.