ಹಗುರ ಬಂದ ಕಾಲು

ನನ್ನ ಗಂಡನ ತಂದೆಯೂ ನಾನೂ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡಿದ್ದು ಟಿವಿ ಕುಸ್ತಿಯ ವಿಷಯಕ್ಕೆ. ಮದುವೆಯಾಗಿ ಬೆಟಗೇರಿಗೆ ಬಂದು ನಾಲ್ಕೈದು ವರ್ಷ ಕಳೆದಿದ್ದರೂ ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಊಟ, ಚಹಾ, ಗುಳಿಗೆಯ ಮಾತು ಬಿಟ್ಟರೆ ಬೇರೆ ಇರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಅದೂ ಕಡಿಮೆಯಾಯಿತು. ಗಂಡ ಬೆಳಿಗ್ಗೆ ಗದಗಿನ ಛಾಪಖಾನೆಯ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ನಾನು ಪಡಸಾಲೆಯಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕೂತು ಓಣಿಯ ಹೆಂಗಸರ ಕುಬಸ ಹೊಲಿಯುತ್ತಿದ್ದೆ. ಮಧ್ಯಾಹ್ನ ಎದುರಿಗೆ ಟಿವಿಯಲ್ಲಿ ಕುಸ್ತಿ ಹಚ್ಚಿಕೊಂಡಿರುತ್ತಿದ್ದೆ.

ಇದು ತವರಿನಿಂದ ಬಂದ ಚಟ. ಲಕ್ಷ್ಮೇಶ್ವರದಲ್ಲಿ ಮೂವರು ಅಣ್ಣಂದಿರ ನಡುವೆ ಬೆಳೆದವಳು ನಾನು. ಮನೆಯಲ್ಲಿ ಪರದೇಶದ ಆ ದೈತ್ಯರ ಚಿತ್ರವಿದ್ದ ಕಾರ್ಡುಗಳ ಕಟ್ಟು ಇತ್ತು. ಯಾರ ಎತ್ತರ ಎಷ್ಟು, ಯಾರ ಎದೆ ಎಷ್ಟು ಇಂಚು ಎಂಬುದು ಮಗ್ಗಿಗಿಂತ ಮೊದಲು ನನಗೆ ಬಾಯಿಪಾಠವಾಗಿತ್ತು. ಅದೆಲ್ಲ ಮೊದಲೇ ಬರೆದಿಟ್ಟ ಆಟ, ಯಾರು ಗೆಲ್ಲಬೇಕು ಎಂಬುದು ಮೊದಲೇ ಗೊತ್ತಿರುತ್ತದೆ ಎಂದು ದೊಡ್ಡಣ್ಣ ಹೇಳಿದ ದಿನ ಸಣ್ಣಣ್ಣ ಅತ್ತ. ನಾನು ಅಳಲಿಲ್ಲ. ಹಾಗಾದರೆ ಅದನ್ನು ಬರೆಯುವವರು ಯಾರು ಎಂದು ಕೇಳಿದೆ. ಅಂದಿನಿಂದ ನನಗೆ ಕುಸ್ತಿಗಿಂತ ಅದರ ಹಿಂದಿನ ಕೋಣೆಯ ಮೇಲೆ ಆಸಕ್ತಿ. ಮೊಬೈಲು ಬಂದ ಮೇಲಂತೂ ಕೇಳುವುದೇ ಬೇಡ. ಮಾಲೀಕನ ಮನೆಯವರಿಗೆ ಯಾರು ಬೇಕಾದವರು, ಯಾರ ಕರಾರು ಮುಗಿಯುತ್ತ ಬಂದಿರುವುದರಿಂದ ಅವನನ್ನು ಸೋಲಿಸುತ್ತಿದ್ದಾರೆ, ಯಾರು ದೊಡ್ಡವರ ಎದುರು ಮಾತಾಡಿ ಮೂಲೆಗೆ ಬಿದ್ದ ಎಂಬುದನ್ನೆಲ್ಲ ಹುಡುಕಿ ಓದುತ್ತಿದ್ದೆ. ನಿಜವಾದ ಕಸುಬುದಾರರಿಗೆ ಎತ್ತರವಿಲ್ಲ, ಚೆಲುವಿಲ್ಲ ಎಂದು ಪಟ್ಟ ಕೊಡುತ್ತಿರಲಿಲ್ಲ. ನೆಟ್ಟಗೆ ಒಂದು ಪಟ್ಟು ಹಾಕಲು ಬಾರದವನನ್ನು ವರ್ಷಗಟ್ಟಲೆ ಗೆಲ್ಲಿಸುತ್ತಿದ್ದರು. ಅದನ್ನು ನೋಡಿ ನಾನು ಮಷಿನ್ ತುಳಿಯುತ್ತಲೇ ಗೊಣಗುತ್ತಿದ್ದೆ.

ಮಾವನವರು ಹರೆಯದಲ್ಲಿ ಪೈಲ್ವಾನರಾಗಿದ್ದರು. ಆಮೇಲೆ ಬಹಳ ವರ್ಷ ಮಗ್ಗದಲ್ಲಿ ಕೂತವರು. ಎಪ್ಪತ್ತು ದಾಟಿದರೂ ಕುತ್ತಿಗೆ ದಪ್ಪ, ಕಿವಿಗಳು ಮುದುಡಿ ಗಟ್ಟಿಯಾಗಿದ್ದವು. ಮೊದಮೊದಲು ಟಿವಿಯ ಕಡೆ ನೋಡದೆ ಹೊರಗೆ ಕಟ್ಟೆಗೆ ಹೋಗಿ ಕೂಡುತ್ತಿದ್ದರು. ಒಂದು ದಿನ ಬಿಸಿಲು ತಡೆಯದೆ ಒಳಗೇ ಉಳಿದರು. ಸ್ವಲ್ಪ ಹೊತ್ತು ನೋಡಿ, "ಬಿದ್ದಂವ ಚಲೋ ಕಲ್ತಾನವಾ" ಎಂದರು.

"ಸೋತವನ್ರಿ?"

"ಹೂಂ. ಎತ್ತಿ ಒಗದಂವಗ ಏನೂ ಬರೂದಿಲ್ಲ. ಇಂವ ತಾನ ಜಿಗದು, ತಾನ ಬಿದ್ದು, ಅವನ್ನ ದೊಡ್ಡಾಂವ ಮಾಡಾಕತ್ತಾನ. ಅಲ್ಲಿ ನೋಡು, ಕುತಗಿ ಹಿಡದಾಗ ಕಿವ್ಯಾಗ ಏನೋ ಹೇಳಿದ."

ಇಪ್ಪತ್ತು ವರ್ಷ ನೋಡಿದ ನಾನು ಆ ಪಿಸುಮಾತನ್ನು ಅಷ್ಟು ಬೇಗ ಹಿಡಿದಿರಲಿಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ಅವರ ಕುರ್ಚಿ ಟಿವಿಯ ಮುಂದೆ. ನಾನು ಹಿಂದಿನ ಕೋಣೆಯ ಸುದ್ದಿ ಹೇಳುವುದು, ಅವರು ಮೈಯ ಸುದ್ದಿ ಹೇಳುವುದು. ಯಾರ ಮೊಣಕಾಲು ಖರೆ ನೋಯುತ್ತಿದೆ, ಯಾರು ಎದುರಾಳಿಯ ಕುತ್ತಿಗೆ ಕಾಯುತ್ತಾನೆ, ಯಾರು ಕಾಯುವುದಿಲ್ಲ ಎಂಬುದು ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಮಾಲೀಕನ ಅಳಿಯನ ಆರ್ಭಟ ಕಂಡಾಗಲೆಲ್ಲ, "ಎಲ್ಲಾ ಕಡೆ ಬೀಗರದ ನಡೀತೈತಿ ನೋಡು" ಎನ್ನುತ್ತಿದ್ದರು. ಅತ್ತೆ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಆ ಮಧ್ಯಾಹ್ನಗಳಲ್ಲಿ.

ಹಾಗೆ ಒಂದು ದಿನ, ಬಹಳ ದೊಡ್ಡ ಹೆಸರಿನವನೊಬ್ಬ ಹೊಸಬನ ಎದುರು ಸೋತಾಗ ನಾನು ಸಿಟ್ಟಿಗೆದ್ದೆ. "ಹೊಸಬನ್ನ ಎತ್ತಬೇಕಂತ ಇವನ್ನ ಮಲಗಿಸ್ಯಾರ ನೋಡ್ರಿ ಮಾವಾರ" ಎಂದೆ. ಅವರು ಟಿವಿ ಆರಿಸು ಎಂದು ಕೈ ಮಾಡಿದರು.

"ನಾನೂ ಹಿಂಗ ಬಿದ್ದೇನಿ" ಎಂದರು.

ಶಿರಹಟ್ಟಿಯಲ್ಲಿ ನಡೆದ ದೊಡ್ಡ ಕುಸ್ತಿ ಅದು. ಮಾವನವರು ಬೆನ್ನು ಮಣ್ಣಿಗೆ ತಾಗದ ಪೈಲ್ವಾನರೆಂದು ಆಗ ಸುತ್ತಲೂ ಹೆಸರು ಮಾಡಿದ್ದರು. ಎದುರಾಳಿ ಮುಂಡರಗಿ ಕಡೆಯ ಕೊರ್ಲಹಳ್ಳಿಯ ಹುಡುಗ, ಅವರಿಗಿಂತ ಎರಡು ಮೂರು ವರ್ಷ ಚಿಕ್ಕವನು. ಬೆಟಗೇರಿಯ ಗರಡಿಮನೆಗೆ ಹಾಲು, ಬದಾಮಿ, ತುಪ್ಪ ಎಲ್ಲ ಬರುತ್ತಿದ್ದದ್ದು ಒಬ್ಬ ದೊಡ್ಡ ವ್ಯಾಪಾರಸ್ಥನ ಮನೆಯಿಂದ. ಆತ ಈಚೆಗೆ ಕೊರ್ಲಹಳ್ಳಿಯ ಹುಡುಗನನ್ನೂ ಸಾಕುತ್ತಿದ್ದ, ಅವನನ್ನು ಮೇಲೆ ತರಬೇಕೆಂದು ಹಟ ಹಿಡಿದಿದ್ದ. ಕುಸ್ತಿಯ ದಿನ ಮೈಗೆ ಮಣ್ಣು ಹಚ್ಚುತ್ತ ವಸ್ತಾದರು, ಅಂದರೆ ಮಾವನವರಿಗೆ ಕುಸ್ತಿ ಕಲಿಸಿದ ಗುರುಗಳು, ಮೆಲ್ಲಗೆ ಹೇಳಿದರಂತೆ: "ಇವತ್ತ ನೀ ಬೀಳಬೇಕು. ನೀ ಬಿದ್ರ ಗರಡಿಮನಿ ಬಾಗಲಾ ತೆರದಿರತೈತಿ."

"ನೀವು ಏನಂದ್ರಿ?" ಎಂದೆ.

"ಏನನ್ನೂದು? ತಂದಿಯಿಲ್ಲದ ನನ್ನ ಸಾಕಿದವರು ಅವರು. ಹೂಂ ಅಂದೆ. ಅಂವ ಎಡಗಾಲಿಗೆ ಕೈ ಹಾಕಿದ. ನಾ ಭಾರ ಬಿಟ್ಟೆ."

"ಆ ಹುಡುಗಗ ಗೊತ್ತಿತ್ತೇನ್ರಿ?"

"ಇಲ್ಲ. ಗೊತ್ತಾಗಿದ್ರ ಅಂವ ಕಣಕ್ಕ ಇಳೀತಿರಲಿಲ್ಲ. ಗೆದ್ದ ಮ್ಯಾಲ ನನ್ನ ಕಾಲ ಹಿಡಕೊಂಡು ಅತ್ತ. 'ಅಣ್ಣಾ, ನಿಮ್ಮನ್ನ ಕೆಡವಿದ್ದು ನಂಬಾಕ ಆಗವಲ್ದು' ಅಂದ." ಮಾವನವರು ತಮ್ಮ ಅಂಗೈ ನೋಡಿಕೊಂಡರು. "ನಿಮ್ಮತ್ತಿಗೂ ಹೇಳಿರಲಿಲ್ಲ. ನೀನೂ ಯಾರ ಮುಂದೂ ಹೇಳಬ್ಯಾಡವಾ."

ಇಲ್ಲ ಎಂದೆ. ಮನಸ್ಸಿನಲ್ಲೂ ಇಲ್ಲ ಎಂದೇ ಅಂದುಕೊಂಡಿದ್ದೆ.

ಆ ಕೊರ್ಲಹಳ್ಳಿಯ ಹುಡುಗನೇ ನಮ್ಮ ಮನೆಗೆ ವರ್ಷಕ್ಕೆರಡು ಸಲ ಬರುತ್ತಿದ್ದ ಕಾಕಾ. ಮದುವೆಯಾದಾಗಿನಿಂದ ಅವರನ್ನು ನೋಡಿದ್ದೆ. ಬರುವಾಗ ಹೊಳೆದಂಡೆಯ ಹೊಲದ ಬದನೆಕಾಯಿ, ಸೌತೆಕಾಯಿ ಚೀಲದ ತುಂಬ ತರುತ್ತಿದ್ದರು. ಶಿರಹಟ್ಟಿಯಲ್ಲಿ ಗೆದ್ದ ಮೇಲೆ ಅವರ ಬದುಕೇ ಬೇರೆಯಾಗಿತ್ತು. ಊರಿನವರು ಗರಡಿಮನೆ ಕಟ್ಟಿಸಿಕೊಟ್ಟು ಅವರನ್ನೇ ವಸ್ತಾದರನ್ನಾಗಿ ಮಾಡಿದ್ದರು. ಬೆಟಗೇರಿ ಪೈಲ್ವಾನನನ್ನು ಕೆಡವಿದವರು ಎಂದು ಸುತ್ತಲ ಹಳ್ಳಿಗಳ ಹುಡುಗರು ಅವರ ಕೈಯಲ್ಲಿ ಕಲಿಯಲು ಬರುತ್ತಿದ್ದರು. ಮಾವನವರು ಮಾತ್ರ ಆ ಕುಸ್ತಿಯ ಮರುವರ್ಷವೇ ಕಣ ಬಿಟ್ಟು ಮಗ್ಗಕ್ಕೆ ಇಳಿದಿದ್ದರು. ಆದರೂ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುವಷ್ಟು ಹತ್ತಿರದವರು.

ನನಗೆ ವಿಷಯ ತಿಳಿದ ಮೇಲೆ ಕಾಕಾ ಬಂದದ್ದು ದೀಪಾವಳಿ ಮುಗಿದ ವಾರ. ಮಾವನವರು ಅವರಿಗೆ ಇಷ್ಟವೆಂದು ಬಿಸಿ ಮಿರ್ಚಿ ಭಜಿ ತರಲು ಹೊರಗೆ ಹೋದರು. ಟಿವಿಯಲ್ಲಿ ಕುಸ್ತಿ ನಡೆದಿತ್ತು. ಕಾಕಾ ಅದನ್ನು ನೋಡಿ ನಕ್ಕರು.

"ಇದೇನು ಬಿಡು ತಂಗಿ, ಹಗಲುವೇಷ. ನಾನೂ ನಿಮ್ಮ ಮಾವನೂ ಹಿಡದದ್ದು ಖರೇ ಕುಸ್ತಿ. ಅಂವ ಭಾಳ ಜೋರಿದ್ದ. ಆದರ ಉಸರು ಕಮ್ಮಿ. ಉಸರು ಕಮ್ಮಿ ಇದ್ದಾವ ಒಂದಿಲ್ಲೊಂದು ದಿವಸ ಬೀಳಾಂವನ."

ಅದರಲ್ಲಿ ಸೊಕ್ಕೇನೂ ಇರಲಿಲ್ಲ. ವರ್ಷಗಟ್ಟಲೆ ಹುಡುಗರಿಗೆ ಪಾಠ ಹೇಳಿದ ದನಿ, ಅಷ್ಟೇ. ಆದರೆ ನನಗೆ ಕಿವಿ ಬಿಸಿಯಾಯಿತು. ಮಗ್ಗದ ಮುಂದೆ ಬೆನ್ನು ಬಾಗಿಸಿ ಕೂತು ಮುದುಕರಾದ ಮಾವನವರು ಕಣ್ಣ ಮುಂದೆ ಬಂದರು. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಒಳಗಿನ ಸುದ್ದಿ ಗೊತ್ತಿರುವವರಿಗೆ ಅದು ಬಾಯಲ್ಲಿ ನಿಲ್ಲುವುದಿಲ್ಲ. ನನಗೆ ಗೊತ್ತಿದೆ, ನಿನಗೆ ಗೊತ್ತಿಲ್ಲ ಎಂಬ ಸಣ್ಣ ಹೆಮ್ಮೆ ಇರುತ್ತದೆ. ಅದನ್ನೇ ಚಟ ಮಾಡಿಕೊಂಡು ಬೆಳೆದವಳು ನಾನು.

"ಉಸರು ಕಮ್ಮಿ ಆಗಿ ಬಿದ್ದಿಲ್ರಿ ಕಾಕಾ" ಎಂದೆ. "ಅವತ್ತ ಮಾವಾರು ತಾವ ಬಿದ್ದಿದ್ರು. ವಸ್ತಾದರು ಬೀಳಾಕ ಹೇಳಿದ್ರಂತ."

ಅವರು ಮೊದಲು ನಕ್ಕರು. ನಾನು ನಗಲಿಲ್ಲ. ಅವರ ನಗೆ ಹಾಗೆಯೇ ನಿಂತಿತು. ತಮ್ಮ ಬಲಗೈ ಬೆರಳುಗಳನ್ನು ಮಡಚಿ, ಬಿಡಿಸಿ, ಯಾರಿಗೋ ಹೇಳುವಂತೆ ಹೇಳಿದರು:

"ಆ ಕಾಲು ಹಗುರ ಬಂತು. ನಾ ಅದನ್ನ ನನ್ನ ತಾಕತ್ತು ಅಂತ ತಿಳಕೊಂಡೆ."

ಆಗ ನನಗೆ ನಾನು ಏನು ಮಾಡಿದೆ ಎಂಬುದು ತಿಳಿಯಿತು. ತಪ್ಪಾಯಿತು, ಸುಳ್ಳು ಹೇಳಿದೆ ಎನ್ನುವಷ್ಟರಲ್ಲಿ ಮಾವನವರು ಮಿರ್ಚಿ ಹಿಡಿದು ಒಳಗೆ ಬಂದರು. ಕಾಕಾ ಒಂದನ್ನು ಮುರಿದು ತಿಂದು, ನೀರು ಕುಡಿದು, ಬಸ್ಸಿಗೆ ಹೊತ್ತಾತು ಎಂದು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ ಮಾವನವರ ಮುಖವನ್ನು ಒಂದು ಸಲ ನೋಡಿದರು.

ಯುಗಾದಿಗೆ ಅವರು ಬರಲಿಲ್ಲ. ಮಾವನವರು ಫೋನು ಮಾಡಿದರೆ ಅವರ ಮಗಳು ಎತ್ತಿ, "ಅಪ್ಪಗ ಆರಾಮಿಲ್ರಿ" ಎನ್ನುತ್ತಿದ್ದಳು. ಮಾವನವರು ದಿನಕ್ಕೆ ಹತ್ತು ಸಲ ಯಾಕಿರಬಹುದು, ಯಾಕಿರಬಹುದು ಎನ್ನುವುದನ್ನು ಕೇಳಿಸಿಕೊಂಡು ಕೂಡಲಾಗಲಿಲ್ಲ. ಒಂದು ಬೆಳಿಗ್ಗೆ ಅವರ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಗೂಟದ ಮೇಲಿದ್ದ ಅಂಗಿ ತೊಟ್ಟು, "ನಡಿ, ಕೊರ್ಲಹಳ್ಳಿಗೆ ಹೋಗೂನು" ಎಂದರು.

ಮುಂಡರಗಿಯಲ್ಲಿ ಬಸ್ಸು ಬದಲಿಸಿ ಹೋದೆವು. ಕಾಕಾನ ಮನೆಯ ಪಕ್ಕದಲ್ಲೇ ಗರಡಿಮನೆ. ಹೊರಗಿನಿಂದ ಚಿಲಕ ಹಾಕಿತ್ತು. ಹುಡುಗರಿಗೆ ಬೇರೆ ಕಡೆ ಕಲಿಯಿರಿ ಎಂದು ಹೇಳಿ ಕಳಿಸಿದ್ದಾರೆ, ಯಾಕೆಂದು ಹೇಳುವುದಿಲ್ಲ ಎಂದು ಮಗಳು ಕಣ್ಣು ಒರೆಸಿಕೊಂಡಳು. ಕಾಕಾ ಬಹಳ ಇಳಿದುಹೋಗಿದ್ದರು.

"ಇಕಿಗೆ ಆ ಟಿವಿ ನೋಡಿ ನೋಡಿ ಎಲ್ಲಾದ್ರಾಗೂ ಕಳ್ಳಾಟನ ಕಾಣತೈತಿ" ಎಂದರು ಮಾವನವರು. "ಏನೋ ಹೇಳ್ಯಾಳ. ನೀ ಮನಸಿಗೆ ಹಚಗೋಬ್ಯಾಡ. ನೀನ ಕೆಡವಿದಿ."

ಕಾಕಾ ಮಾವನವರನ್ನು ದಿಟ್ಟಿಸಿ ನೋಡಿದರು. "ಬಾ ಅಣ್ಣಾ" ಎಂದು ಗರಡಿಮನೆಯ ಚಿಲಕ ತೆಗೆದರು. ಒಳಗೆ ಕೆಮ್ಮಣ್ಣು ಒಣಗಿ ಹೆಂಟೆ ಕಟ್ಟಿತ್ತು. ಇಬ್ಬರೂ ಧೋತ್ರ ಮೇಲೆ ಕಟ್ಟಿ ಆ ಮಣ್ಣಿನ ಕುಣಿಗೆ ಇಳಿದರು. ಹೆಗಲಿಗೆ ಹೆಗಲು ಕೊಟ್ಟು ನಿಂತರು. ನಾನೂ ಕಾಕಾನ ಮಗಳೂ ಬಾಗಿಲಲ್ಲಿ ನಿಂತಿದ್ದೆವು. ಕಾಕಾ ಕಷ್ಟಪಟ್ಟು ಬಗ್ಗಿ ಮಾವನವರ ಎಡ ಮೊಣಕಾಲಿನ ಹಿಂದೆ ಕೈ ಹಾಕಿದರು. ಎತ್ತಲು ನೋಡಿದರು. ಕಾಲು ಏಳಲಿಲ್ಲ. ಮಾವನವರ ಕಾಲು ನಡುಗುತ್ತಿತ್ತು, ಹಲ್ಲು ಕಚ್ಚಿದ್ದರು. ಕಾಕಾ ಕೈ ಬಿಟ್ಟು ನೆಟ್ಟಗಾದರು.

"ಅವತ್ತ ಹಿಂಗಿರಲಿಲ್ಲ ಅಣ್ಣಾ. ಈಗ ಭಾರ ಹಾಕಾಕತ್ತಿ."

ಇಬ್ಬರೂ ಕುಣಿಯ ಅಂಚಿಗೆ ಕೂತರು.

"ನಿನ್ನ ಮ್ಯಾಲ ಸಿಟ್ಟಿಲ್ಲ" ಎಂದರು ಕಾಕಾ. "ಇಷ್ಟ ವರ್ಷ ಹುಡುಗರಿಗೆ ಇದ ಪಟ್ಟು ಕಲಿಸೇನಿ. ಇದರಲೇ ಬೆಟಗೇರಿ ಪೈಲ್ವಾನನ್ನ ಕೆಡವಿದೆ ಅಂತ ಹೇಳಿ ಕಲಿಸೇನಿ."

"ನಿನ್ನ ಹುಡುಗರು ಆ ಪಟ್ಟಿನಿಂದ ಎಷ್ಟ ಮಂದಿನ್ನ ಕೆಡವ್ಯಾರ. ಅದೆಲ್ಲಾ ಸುಳ್ಳೇನು?"

"ಅವರು ಕೆಡವ್ಯಾರ. ನಾ ಕೆಡವಿಲ್ಲ."

ನಾನು ಅವರ ಕಾಲು ಮುಟ್ಟಲು ಹೋದೆ. "ಇರಲಿ ಬಿಡವಾ, ಖರೆನ ಹೇಳಿದಿ" ಎಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಕೈಗೆ ಹತ್ತಿದ್ದ ಮಣ್ಣು ನನ್ನ ಸೆರಗಿನ ಮೇಲೆ ಉದುರಿತು. ಊಟ ಮಾಡಿಕೊಂಡು ಹೋಗಿರೆಂದು ಮಗಳು ಎಷ್ಟು ಹೇಳಿದರೂ ಮಾವನವರು ನಿಲ್ಲಲಿಲ್ಲ. ಬಸ್ಸಿನಲ್ಲಿ ಒಂದೇ ಮಾತು ಆಡಿದರು: "ನಿನಗ ಹೇಳಿದ್ದು ನಂದ ತಪ್ಪು." ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಆ ವರ್ಷದ ಹಿಂಗಾರಿ ಬಿತ್ತನೆಯ ಹೊತ್ತಿಗೆ ಕಾಕಾ ತೀರಿಕೊಂಡ ಸುದ್ದಿ ಬಂತು. ವಯಸ್ಸಾಗಿತ್ತು, ಎದೆನೋವು ಮೊದಲಿನಿಂದ ಇತ್ತು ಎಂದು ಎಲ್ಲರೂ ಅಂದರು. ನನ್ನ ಗಂಡನೂ ಹಾಗೆಯೇ ಹೇಳಿ ಸಮಾಧಾನ ಮಾಡಿದ. ಮೂವರೂ ಮಣ್ಣು ಕೊಡಲು ಕೊರ್ಲಹಳ್ಳಿಗೆ ಹೋದೆವು. ಅಂಗಳದ ತುಂಬ ಶಿಷ್ಯರು. ಕಾಕಾ ಯಾರಿಗೂ ಏನೂ ಹೇಳಿರಲಿಲ್ಲ. ನಲವತ್ತು ದಾಟಿದ ಶಿಷ್ಯನೊಬ್ಬ, ಮಾವನವರು ಯಾರೆಂದು ತಿಳಿಯದೆ, ಪಕ್ಕದಲ್ಲಿ ಕೂತು ಶಿರಹಟ್ಟಿಯ ಕುಸ್ತಿಯನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದ. ಅವನು ಅದನ್ನು ಕಣ್ಣಾರೆ ಕಂಡವನಲ್ಲ. ಆದರೂ ಎಡಗಾಲಿಗೆ ಕೈ ಹಾಕಿದ್ದನ್ನು ತನ್ನ ಕೈಯಿಂದ ಮಾಡಿ ತೋರಿಸಿದ.

"ಆ ಬೆಟಗೇರಿ ಪೈಲ್ವಾನ ಭಾಳ ದೊಡ್ಡಾಂವಂತ್ರಿ" ಎಂದ ಶಿಷ್ಯ.

"ದೊಡ್ಡಾಂವೇನಲ್ಲಪಾ. ನಿಮ್ಮ ವಸ್ತಾದರು ಅವಗಿಂತ ಜೋರಿದ್ರು" ಎಂದರು ಮಾವನವರು.

ಅದಾದ ಮೇಲೆ ಅವರು ಎರಡು ವರ್ಷ ಇದ್ದರು. ಮಧ್ಯಾಹ್ನ ನಾನು ಟಿವಿ ಹಚ್ಚುವುದನ್ನು ಬಿಟ್ಟೆ, ಅವರೂ ಕೇಳಲಿಲ್ಲ. ಹೊಲಿಯುವಾಗ ಮಷಿನ್ನಿನ ಸದ್ದು ಮಾತ್ರ ಇರುತ್ತಿತ್ತು. ಕೊನೆಗೆ ಹಾಸಿಗೆ ಹಿಡಿದಾಗ, ಗಂಜಿ ಕುಡಿಸುತ್ತ, ನನ್ನನ್ನು ಕ್ಷಮಿಸ್ರಿ ಎಂದು ಕೇಳಿದೆ. ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕಾಗಲಿಲ್ಲ.

"ನೀ ನನ್ನ ಪರವಾಗಿ ಮಾತಾಡಿದಿ" ಎಂದರು. "ನಿನ್ನ ಬಿಟ್ರ ನನ್ನ ಪರವಾಗಿ ಯಾರು ಮಾತಾಡಿದ್ರು ಹೇಳು?" ಇನ್ನೊಂದು ಚಮಚ ಕುಡಿದು ಗೋಡೆಯ ಕಡೆ ಹೊರಳಿದರು. "ಆದರ ಅಂವ ಬರೂದ ಬಿಟ್ಟ."