ನನ್ನ ಹೆಸರಿನ ಸಿಮ್

ಸಂಕೇಶ್ವರದ ಕಡೆ ಕಬ್ಬು ಕಡಿಯುವ ನಮ್ಮ ಕೂಲಿಗುಂಪಿಗೆ, ಅಂದರೆ ಟೋಳಿಗೆ, ನಾನೇ ಮುಖಂಡ, ಮುಕಾದಮ. ಕಾಗದಪತ್ರ ಊರಲ್ಲೇ ಬಿಟ್ಟು ಬಂದವರಿಗೆ ಮುಕಾದಮನೇ ತನ್ನ ಹೆಸರಿನಲ್ಲಿ ಸಿಮ್ ಕೊಡಿಸುವುದು ನಮ್ಮಲ್ಲಿ ರೂಢಿ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನ ಹೆಸರಿಗೂ ಇಷ್ಟು ಬೆಲೆಯಿದೆಯಲ್ಲ ಎಂದು ನನಗೆ ಹೆಮ್ಮೆಯಿತ್ತು.

ಹೋದ ಹಂಗಾಮಿನಲ್ಲಿ ಟೋಳಿಯವನೊಬ್ಬ ನಾನು ಕೊಡಿಸಿದ ಸಿಮ್ಮನ್ನು ಯಾರಿಗೋ ಮಾರಿ ಓಡಿಹೋದ. ಕೊಂಡವರು ಅದನ್ನು ಬಳಸಿ ದೂರದ ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ಕೆಡಿಸಿ, ಬಾಂಬಿನ ಬೆದರಿಕೆ ಹಾಕಿದರು. ಪೊಲೀಸರು ಬಂದದ್ದು ಮಾತ್ರ ನನ್ನ ಗುಡಿಸಲಿಗೆ.

“ಸೈಬರ್ ಭಯೋತ್ಪಾದನೆಗೆ ಜೀವಾವಧಿ ಶಿಕ್ಷೆ ಐತಿ, ಗೊತ್ತೇನೋ?” ಎಂದ ಠಾಣೆಯ ಸಾಹೇಬ.

“ಸಾಹೇಬ್ರ, ನನಗ ಹಸರ ಗುಂಡಿ, ಕೆಂಪ ಗುಂಡಿ ಬಿಟ್ರ ಫೋನಿನಾಗ ಏನೂ ತಿಳಿಯಂಗಿಲ್ರಿ.”

“ಸಿಮ್ ನಿನ್ನ ಹೆಸರಿನ್ಯಾಗ ಐತೆಲ್ಲ!”

ಎಂಟು ದಿನ ಠಾಣೆಗೆ ಅಲೆಸಿ, ನನಗೇನೂ ಗೊತ್ತಿಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟರು. ಮಾಡಿದವರು ಇಂದಿಗೂ ಸಿಕ್ಕಿಲ್ಲ. ಅಂಥವರಿಗೆ ಜೀವಾವಧಿಯೂ ಕಡಿಮೆಯೇ, ಆದರೆ ಕಾಯ್ದೆಯ ಕೈ ಗುಡಿಸಲಿನವರೆಗೆ ಮಾತ್ರ ಚಾಚುತ್ತದೆ.

ಈ ವರ್ಷ ಮೂಡಲಗಿಯಿಂದ ಹೊಸದಾಗಿ ಬಂದವನೊಬ್ಬ, “ಕಾಕಾ, ಒಂದ ಸಿಮ್ ಕೊಡಸ್ರಿ, ಮನ್ಯಾಗ ಬಸುರಿ ಹೆಂಡ್ತಿ ಅದಾಳ” ಎಂದ. ಆಗುವುದಿಲ್ಲ ಎಂದೆ.

“ಅಂದ್ರ ನನ್ನ ಕಳ್ಳ ಅಂದಂಗಾತು!” ಎಂದು ಕುಡಗೋಲು ಎತ್ತಿಕೊಂಡು ಬೇರೆ ಟೋಳಿಗೆ ಹೋದ. ಅವನು ಕಳ್ಳನಲ್ಲವೆಂದು ನನಗೆ ಗೊತ್ತಿತ್ತು. ಆದರೂ ತಡೆಯಲಿಲ್ಲ.