ಓದಿ ತೋರಿಸದೆ ಬಿಟ್ಟ ಪುಟ

ನಮ್ಮ ಸರ್ ಅವರ ಬಲಗೈ ಹೆಬ್ಬೆರಳು ವರ್ಷದಲ್ಲಿ ಹತ್ತು ತಿಂಗಳು ನೀಲಿಯಾಗಿರುತ್ತಿತ್ತು. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಸ್ಟ್ಯಾಂಪ್ ಪ್ಯಾಡಿನ ಮಸಿ ಇಳಿದು ಕೂತುಬಿಟ್ಟಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ರೊಟ್ಟಿಯ ಅಂಚಿಗೂ ಒಂದಿಷ್ಟು ನೀಲಿ ಹತ್ತುತ್ತಿತ್ತು. ಅವರು ನೋಡಿಯೂ ನೋಡದವರ ಹಾಗೆ ತಿಂದುಬಿಡುತ್ತಿದ್ದರು. ಹೊಸಬರು ಕಂಡರೆ ಈ ಮನುಷ್ಯ ತಹಸೀಲ್ದಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸುವ ಕೆಲಸದವನೇನೋ ಅಂದುಕೊಳ್ಳಬೇಕು. ಅವರು ನಮಗೆ ಪತ್ರಿಕೋದ್ಯಮ ಕಲಿಸುತ್ತಿದ್ದರು.

ಕೊಪ್ಪಳ ಜಿಲ್ಲೆಯಾಗಿ ಆರೇಳು ವರ್ಷವಾಗಿದ್ದ ಕಾಲ. ನಮ್ಮ ಕಾಲೇಜಿನಲ್ಲಿ ಬಿ.ಎ.ಗೆ ಪತ್ರಿಕೋದ್ಯಮ ಆಗಷ್ಟೇ ಬಂದಿತ್ತು. ಹನ್ನೆರಡು ಮಂದಿ ನಾವು, ಅವರೊಬ್ಬರೇ ಮೇಷ್ಟ್ರು. ಅವರ ಕೆಲಸವೂ ಕಾಯಂ ಅಲ್ಲ. ಪ್ರತಿ ಜೂನ್‌ನಲ್ಲಿ ಕರೆ ಬಂದರೆ ಬಂತು. ಮನೆಯಲ್ಲಿ ಹೆಂಡತಿ, ಸಾಲೆಗೆ ಹೋಗುವ ಮಗಳು. ಕೊನೆಯ ವರ್ಷದವರು ಒಬ್ಬೊಬ್ಬರೂ ಒಂದೊಂದು ಪುಟ ತಯಾರಿಸಿ, ಎಲ್ಲ ಸೇರಿಸಿ ಒಂದು ಪತ್ರಿಕೆ ಮುದ್ರಿಸಬೇಕಿತ್ತು. ಹೊರಗಿನಿಂದ ಬರುವ ಪರೀಕ್ಷಕರು ಅದಕ್ಕೆ ಅಂಕ ಹಾಕುತ್ತಿದ್ದರು. ವಿಷಯ ನಾವೇ ಹುಡುಕಬೇಕು, ಊರಿಗೆ ಹೋಗಬೇಕು, ಬರೆಯಬೇಕು, ಪೆನ್ಸಿಲ್ ಮತ್ತು ಪಟ್ಟಿ ಹಿಡಿದು ಪುಟದ ಡಮ್ಮಿಯನ್ನೂ ನಾವೇ ಬರೆಯಬೇಕು. ಡಮ್ಮಿ ಎಂದರೆ ಯಾವ ಸುದ್ದಿ ಎಲ್ಲಿ, ಫೋಟೊ ಎಷ್ಟು ದೊಡ್ಡದು ಎನ್ನುವ ನಕ್ಷೆ. ಹಳೆಯ ಕ್ಯಾಲೆಂಡರಿನ ಹಿಂಬದಿಯೇ ನಮಗೆ ಡಮ್ಮಿ ಹಾಳೆ.

ಕೆಲಸ ಶುರುವಾಗುವ ಮೊದಲು ಸರ್ ಪ್ರತಿಯೊಬ್ಬರಿಂದಲೂ ಮೂರು ಪ್ರಶ್ನೆಗೆ ಉತ್ತರ ಬರೆಸುತ್ತಿದ್ದರು. ಯಾರನ್ನು ಕೇಳುತ್ತೀ? ನಿನಗೆ ಏನು ಗೊತ್ತಿಲ್ಲ? ಇದು ಅಚ್ಚಾದರೆ ಯಾರಿಗೆ ನೋವಾದೀತು? ಮೂರನೆಯದಕ್ಕೆ ನಾವೆಲ್ಲ "ಯಾರಿಗೂ ಇಲ್ಲ" ಎಂದು ಬರೆದು ಕೊಟ್ಟರೆ ಹಾಳೆ ನಮ್ಮ ಮುಖಕ್ಕೇ ವಾಪಸ್ ಬರುತ್ತಿತ್ತು.

"ಯಾರಿಗೂ ನೋವಾಗಂಗಿಲ್ಲ ಅಂದ್ರ ನೀ ಇನ್ನೂ ಸರಿಯಾಗಿ ವಿಚಾರ ಮಾಡಿಲ್ಲಂತ ಅರ್ಥ. ಹೋಗ, ಚಾ ಕುಡದು ಬಾ, ಮತ್ತ ಬರಿ."

ಆ ನೀಲಿ ಹೆಬ್ಬೆರಳಿನ ಸಂಗತಿಗೆ ಬರುತ್ತೇನೆ. ವರದಿ ಬರೆದಾದ ಮೇಲೆ, ಯಾರ ಮಾತು ಅದರಲ್ಲಿದೆಯೋ ಅವರ ಹತ್ತಿರ ಮತ್ತೊಮ್ಮೆ ಹೋಗಿ, ಪೂರಾ ಓದಿ ತೋರಿಸಬೇಕು. ಇದು ಸರ್ ಮಾಡಿದ ಕಾಯಿದೆ. ಓದಿದ್ದನ್ನು ಕೇಳಿದವರು ನಮ್ಮ ನೋಟ್‌ಬುಕ್ಕಿನಲ್ಲಿ "ಓದಿ ತೋರಿಸಿದ್ದಾರೆ" ಎಂಬಲ್ಲಿ ಸಹಿ ಮಾಡಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಅದಕ್ಕಾಗಿ ಸರ್ ಚೀಲದಲ್ಲಿ ತಗಡಿನ ಸ್ಟ್ಯಾಂಪ್ ಪ್ಯಾಡು. ನಮಗೆ ಕೊಡುವ ಮೊದಲು ಮಸಿ ಒಣಗಿದೆಯೋ ಏನೋ ಎಂದು ತಮ್ಮ ಬೆರಳೇ ಒತ್ತಿ ನೋಡುತ್ತಿದ್ದರು. ಬೇರೆ ಯಾವ ಕಾಲೇಜಿನಲ್ಲೂ ಇಂಥ ಪದ್ಧತಿ ಇರಲಿಲ್ಲ. ಪತ್ರಿಕೆಗಳಲ್ಲಂತೂ ಕೇಳಿದರೆ ನಗುತ್ತಾರೆ. ನಾವೂ ಬೆನ್ನ ಹಿಂದೆ "ಹೆಬ್ಬೆಟ್ಟಿನ ಸರ್" ಎಂದು ನಗುತ್ತಿದ್ದೆವು.

"ಮಾತು ಅವ್ರದು, ಪೆನ್ನು ನಮ್ದು. ಪೆನ್ನಿಗೆ ಸೊಕ್ಕು ಭಾಳ ಇರ್ತೈತಿ" ಎನ್ನುತ್ತಿದ್ದರು. ಇನ್ನೊಂದು ಮಾತು: "ನೀವು ಪೆನ್ನು ಕೆಳಗಿಟ್ಟ ಮ್ಯಾಲೆ ಮಂದಿ ಮನಸ್ಸು ಬಿಚ್ಚಿ ಮಾತಾಡ್ತಾರ. ಆ ಮಾತು ನಿಮ್ಮದಲ್ಲ, ಕೇಳಿ ತಗೋಬೇಕು."

ಈ ಕಾಯಿದೆ ಎಷ್ಟು ಚುರುಕು ಎಂಬುದನ್ನು ನಾನು ಕಣ್ಣಾರೆ ಕಂಡೆ. ಶ್ರೀರಾಮನಗರದಿಂದ ಬರುತ್ತಿದ್ದ ನನ್ನ ಸಹಪಾಠಿಯೊಬ್ಬ ಗಂಗಾವತಿಯ ಅಕ್ಕಿ ಗಿರಣಿಯ ಹಮಾಲನ ಬಗ್ಗೆ ಬರೆದಿದ್ದ. ಓದಿ ತೋರಿಸಲು ಹೋದಾಗ ಸರ್ ಜೊತೆ ನಾವು ಮೂರು ಮಂದಿ ಹೋಗಿದ್ದೆವು. ಹಮಾಲ ಚೀಲದ ಮೇಲೆ ಕಣ್ಣು ಮುಚ್ಚಿ ಕೂತು ಕೇಳಿದ. ನಮ್ಮವನು "ಈ ಬೆನ್ನೇ ನನ್ನ ಬದುಕು, ಈ ಬೆವರೇ ನನ್ನ ಹಾಡು" ಎಂದು ರಾಗವಾಗಿ ಓದಿದ. ಹಮಾಲ ಒಂದು ಕಣ್ಣು ತೆರೆದ.

"ಏ ತಮ್ಮಾ, ಇದು ಯಾರ ಮಾತು?"

"ನಿಮ್ಮದೇ ರೀ."

"ನಾ ಇಷ್ಟು ಛಲೋ ಯಾವಾಗ ಮಾತಾಡೇನಿ? ಬೆನ್ನು ನೋಯ್ತೈತಿ ಅಂದಿದ್ದೆ, ಅಷ್ಟ ಬರ್ಕೋ."

ಸರ್ ನಕ್ಕ ನಗೆಗೆ ಗಿರಣಿಯ ಪಾರಿವಾಳಗಳೆಲ್ಲ ಹಾರಿಹೋದವು. ಬಸ್ಸಿನಲ್ಲಿ ಕೊಪ್ಪಳ ಬರುವವರೆಗೂ ನೆನಸಿಕೊಂಡು ನೆನಸಿಕೊಂಡು ನಕ್ಕರು. ನಮ್ಮವನು ಡಮ್ಮಿ ಪೂರಾ ಹೊಸದಾಗಿ ಬರೆದ. ಪಾಪ, ಅವನ ಮುಖ ಹುಳ್ಳಗಾಗಿತ್ತು.

ನಾನು ಮಾತ್ರ ಜಾಣೆ. ಹಾಗೆಂದು ಸರ್ ನಂಬಿದ್ದರು, ನಾನೂ ನಂಬಿದ್ದೆ. ಯಲಬುರ್ಗಾ ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿ ನಾನು. ನನ್ನ ಪುಟಕ್ಕೆ ಕಿನ್ನಾಳದ ಗೊಂಬೆ ಮಾಡುವ ಒಂದು ಮನೆಯನ್ನು ಆರಿಸಿಕೊಂಡೆ. ಮೂರು ಸಲ ಹೋದೆ. ಯಜಮಾನರು ಹಗುರ ಕಟ್ಟಿಗೆ ಕೆತ್ತುವುದು, ಹುಣಸೆಬೀಜದ ಅಂಟು ಕುದಿಸುವುದು, ಮೇಲೆ ಬಣ್ಣ ಹಚ್ಚುವುದು, ಎಲ್ಲ ಬರೆದುಕೊಂಡೆ. ಅವರ ಮನೆಯಲ್ಲಿ ಗುಡಿಗಳಿಗೆ ಹೋಗುವ ದೇವರ ಮೂರ್ತಿಗಳೂ ತಯಾರಾಗುತ್ತಿದ್ದವು. ಮೂರ್ತಿಗೆ ಕೊನೆಯಲ್ಲಿ ಕಣ್ಣು ಬರೆಯುವುದು ದೊಡ್ಡ ಕೆಲಸ. ಯಜಮಾನರು ಸ್ನಾನ ಮಾಡಿ, ಉಪವಾಸವಿದ್ದು ಬರೆಯುವುದು ಅವರ ಮನೆತನದ ರೂಢಿ, ಹೆಂಗಸರು ಆ ಕುಂಚ ಮುಟ್ಟುವಂತಿರಲಿಲ್ಲ.

ಮೂರನೆಯ ಸಲ ಹೋದಾಗ ಯಜಮಾನರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಚಹಾ ಕೊಟ್ಟರು. ನಾನು ನೋಟ್‌ಬುಕ್ಕು ಮುಚ್ಚಿ ಚೀಲಕ್ಕೆ ಹಾಕಿಯಾಗಿತ್ತು. ಅವರು ನನ್ನ ಜಡೆ ನೇರ ಮಾಡುತ್ತ, ತಾಯಿಯ ಹಾಗೆ ಮೆಲ್ಲಗೆ ಹೇಳಿದರು:

"ಯವ್ವಾ, ನಮ್ಮವ್ರ ಕೈ ಈಗ ನಡಗತಾವು. ಎರಡು ವರ್ಷ ಆತು, ಕಣ್ಣು ನಾನ ಬರೀತೀನಿ. ಬಾಗಲಾ ಹಾಕ್ಕೊಂಡು. ಅವ್ರು ಮುಂದ ಕುಂತು ಅಳ್ತಾರ."

ಅಯ್ಯೋ, ಆ ಮಾತು ಕೇಳಿದ್ದೇ ತಡ, ನನಗೆ ಶೀರ್ಷಿಕೆ ಹೊಳೆದುಬಿಟ್ಟಿತು. "ದೇವರಿಗೆ ಕಣ್ಣು ಕೊಡುವ ತಾಯಿ". ಹಾಸ್ಟೆಲಿಗೆ ಬಂದವಳು ಒಂದೇ ಉಸಿರಿಗೆ ಬರೆದೆ. ಊಟವನ್ನೂ ಮಾಡಲಿಲ್ಲ.

ಓದಿ ತೋರಿಸಲು ಹೋಗಬೇಕಿತ್ತು. ಕಿನ್ನಾಳವೇನು ಕಾಶಿಯೇ, ಬಸ್ ಹತ್ತಿದರೆ ಮುಗಿಯಿತು. ಅಚ್ಚಿಗೆ ಕೊಡಲು ಇನ್ನೂ ಎರಡು ದಿನ ಇತ್ತು. ಹೋಗಲಿಲ್ಲ. ಹೋದರೆ ಆಕೆ "ಅದೊಂದು ತಗಿಯವಾ" ಎನ್ನುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೋಗಲಿಲ್ಲ. ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ನನ್ನದೇ ಎಡಗೈ ಹೆಬ್ಬೆಟ್ಟು ಒತ್ತಿದೆ. ಆಮೇಲೆ ನಿಂಬೆಹಣ್ಣು ಹಚ್ಚಿ ಬೆರಳು ತಿಕ್ಕಿದೆ.

ಮರುದಿನ ಸರ್ ಎಲ್ಲರ ನೋಟ್‌ಬುಕ್ಕು ನೋಡಿದರು. ನನ್ನದು ಮುಂದೆ ಚಾಚಿದರೆ ಕೈಯಲ್ಲೇ ತಡೆದರು.

"ನಿಂದು ನೋಡೂದೇನೈತೆವಾ, ಓದಿ ತೋರಿಸಿರ್ತಿ."

"ಹೂನ್ರಿ ಸರ."

ಪುಟ ಅಚ್ಚಾಯಿತು. ಪರೀಕ್ಷಕರು ಎಲ್ಲರೆದುರು ನನ್ನ ಪುಟವನ್ನು ಎತ್ತಿ ಹಿಡಿದು ಹೊಗಳಿದರು. ನಾನು ಮೂರು ದಿನ ನೆಲದ ಮೇಲೆ ನಡೆಯಲಿಲ್ಲ.

ಪತ್ರಿಕೆಯ ಪ್ರತಿಗಳನ್ನು ನಾವೆಲ್ಲ ನಮ್ಮ ನಮ್ಮ ಊರುಗಳಿಗೆ ಒಯ್ದಿದ್ದೆವು. ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಚಹಾದ ಅಂಗಡಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರಂತೆ. ಆ ಊರಿನ ಗುಡಿಗೆ ಹಿಂದಿನ ವರ್ಷವಷ್ಟೇ ಇದೇ ಮನೆಯಿಂದ ಮೂರ್ತಿ ಹೋಗಿತ್ತು. ಹಿರಿಯರು ಟ್ರ್ಯಾಕ್ಟರಿನಲ್ಲಿ ಮೂರ್ತಿ ತಂದು ಕಿನ್ನಾಳದ ಆ ಮನೆಯ ಕಟ್ಟೆಯ ಮೇಲೆ ಇಟ್ಟು, "ಬಾಗಲಾ ಹಾಕ್ಕೊಂಡು ಮೋಸ ಮಾಡೀರಿ" ಎಂದು ಬೈದು ಹೋದರು. ಮೂರ್ತಿ ಮಾಡಿಕೊಡಲು ಹೇಳಿದ್ದ ಇನ್ನೆರಡು ಊರಿನವರೂ ಬೇಡವೆಂದರು.

ಯಜಮಾನರು ಕಾಲೇಜಿಗೆ ಬಂದರು. ಮಡಚಿದ ಪತ್ರಿಕೆ ಅವರ ಕೈಯಲ್ಲಿ ಪಟಪಟ ಅನ್ನುತ್ತಿತ್ತು, ಕೈ ಅಷ್ಟು ನಡುಗುತ್ತಿತ್ತು. ಪ್ರಾಚಾರ್ಯರ ಕೋಣೆಯಲ್ಲಿ ಕೂರಲು ಹೇಳಿದರೂ ಕೂರಲಿಲ್ಲ. "ನಮ್ಮ ಮನಿಯಾಕಿ ಮಗಳು ಅಂತ ತಿಳದು ಹೇಳ್ಯಾಳ್ರಿ. ಈಗ ಊರಾಗ ತಲಿ ಎತ್ತಿ ತಿರಗಂಗಿಲ್ಲ ಅಕಿ" ಎಂದರು. ಬಾಗಿಲ ಹೊರಗೆ ನಿಂತ ನನಗೆ ಒಂದೊಂದು ಅಕ್ಷರವೂ ಕೇಳಿಸಿತು.

ಸರ್ ಹೊರಗೆ ಬಂದು ಕೈ ಚಾಚಿದರು. ನೋಟ್‌ಬುಕ್ಕು ಕೊಟ್ಟೆ. ಆ ಪುಟ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಎರಡು ವರ್ಷ ಹೆಬ್ಬೆಟ್ಟು ನೋಡಿದ ಮನುಷ್ಯ. ಬಣ್ಣ, ಅಂಟು, ಉಪ್ಪುಕಾಗದದಲ್ಲಿ ಕೆಲಸ ಮಾಡುವ ಹೆಂಗಸಿನ ಬೆರಳು ಅಷ್ಟು ನುಣ್ಣಗೆ ಇರುವುದುಂಟೇ? ಅವರು ನನ್ನ ಕೈ ನೋಡಿದರು. ನಾನು ಕೈಯನ್ನು ದುಪ್ಪಟ್ಟಾದಲ್ಲಿ ಮುಚ್ಚಿಕೊಂಡೆ. ಒಂದು ಮಾತು ಆಡಿದರೆ ಆಡಬಹುದಿತ್ತು, ಆಗಲೇ, ಅಲ್ಲಿಯೇ. ಸರ್ ನೋಟ್‌ಬುಕ್ಕು ಮಡಚಿ ನನಗೇ ವಾಪಸ್ ಕೊಟ್ಟು ಒಳಗೆ ಹೋದರು.

"ತಪ್ಪು ನಂದ್ರಿ" ಎಂದರು ಒಳಗೆ. "ಹುಡುಗ್ರು ಬರೀತಾವು, ಹಾಕೂದು ಬಿಡೂದು ನೋಡಬೇಕಾದಾಂವ ನಾನು. ನೋಡಲಿಲ್ಲ." ಯಜಮಾನರ ಎದುರು ಕೈ ಮುಗಿದು ನಿಂತರು. ಸುಳ್ಳೇನೂ ಹೇಳಲಿಲ್ಲ ಅವರು. ನನ್ನ ಹೆಬ್ಬೆಟ್ಟಿನ ಸುದ್ದಿ ಮಾತ್ರ ತೆಗೆಯಲಿಲ್ಲ.

ಮುಂದಿನ ಜೂನ್‌ನಲ್ಲಿ ಅವರಿಗೆ ಕರೆ ಬರಲಿಲ್ಲ. ಗಂಗಾವತಿಯ ಒಂದು ಖಾಸಗಿ ಸಾಲೆಯಲ್ಲಿ ಕನ್ನಡ ಕಲಿಸಲು ಸೇರಿದರು ಎಂದು ಕೇಳಿದೆ. ಹೋಗುವ ಮೊದಲು ನನಗೆ ಒಂದು ಪತ್ರಿಕೆಗೆ ಶಿಫಾರಸು ಪತ್ರ ಬರೆದು ಕೊಟ್ಟಿದ್ದರು. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅದೇ ಪತ್ರದ ಬಲದಿಂದ ಕೆಲಸಕ್ಕೆ ಸೇರಿ, ಇವತ್ತಿಗೂ ಅದೇ ಅನ್ನ ಉಣ್ಣುತ್ತಿದ್ದೇನೆ. ನಾಚಿಕೆಯಾಗಬೇಕು ನನ್ನ ಜನ್ಮಕ್ಕೆ.

ಆಮೇಲೆ ಒಂದೇ ಸಲ ಸಿಕ್ಕಿದ್ದು, ಗಂಗಾವತಿ ಬಸ್ ನಿಲ್ದಾಣದಲ್ಲಿ. ಕೂದಲು ಪೂರಾ ಬೆಳ್ಳಗಾಗಿತ್ತು. ಮಿರ್ಚಿ ಮಂಡಕ್ಕಿ ಕೊಡಿಸಿದರು. ನನ್ನ ಕೆಲಸ, ಮದುವೆ, ಮಗು, ಎಲ್ಲ ಕೇಳಿದರು. ಹೇಳಿಬಿಡಬೇಕು ಎಂದುಕೊಂಡೆ. ಅವರು ಪೊಟ್ಟಣ ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿ ಕೂತರು ಕೂಡ. ನಾನು ಹಾಳಾದವಳು ಮಂಡಕ್ಕಿಗೆ ಖಾರ ಜಾಸ್ತಿಯಾಗಿದೆ ಎಂದು ಮಾತು ತೆಗೆದೆ. ಅಷ್ಟರಲ್ಲಿ ಕೊಪ್ಪಳದ ಬಸ್ ಬಂತು.

ಅವರು ತೀರಿಕೊಂಡ ಸುದ್ದಿ ಶ್ರೀರಾಮನಗರದ ಗೆಳೆಯನಿಂದ ಬಂದಾಗ ನಾನು ಪುಟ ಕಟ್ಟುತ್ತಿದ್ದೆ. ಪಾಠ ಮಾಡುತ್ತಿದ್ದಾಗಲೇ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋದರಂತೆ. ನಿಧನ ವಾರ್ತೆಯನ್ನು ನಾನೇ ಬರೆದೆ. ಯಾರಿಗೆ ಓದಿ ತೋರಿಸಲಿ?

ಮುಂದಿನ ಭಾನುವಾರ ಹಳೆಯ ಪತ್ರಿಕೆ ಹುಡುಕಿ ತೆಗೆದು ಕಿನ್ನಾಳಕ್ಕೆ ಹೋದೆ. ಯಜಮಾನರು ತೀರಿಹೋಗಿ ಬಹಳ ವರ್ಷವಾಗಿತ್ತು. ಅವರ ಹೆಂಡತಿ ಪಡಸಾಲೆಯಲ್ಲಿ ಸಣ್ಣ ಗೊಂಬೆಗಳಿಗೆ ಬಣ್ಣ ಬಳಿಯುತ್ತಿದ್ದರು. ದೇವರ ಮೂರ್ತಿ ಆ ಮನೆಯಲ್ಲಿ ಮತ್ತೆ ಆಗಲೇ ಇಲ್ಲ. ನಾನು ಯಾರು ಎಂದು ಹೇಳಿದೆ. ಕುಂಚ ನಿಂತಿತು. ಬೈಯಲಿಲ್ಲ, ಬಾ ಎಂದೂ ಅನ್ನಲಿಲ್ಲ.

"ಅಕ್ಕಾರ, ನಾ ಅವತ್ತು ಓದಿ ತೋರಿಸಬೇಕಿತ್ತು. ಬೇಕಂತ ಬರಲಿಲ್ಲ. ನಿಮ್ಮ ಹೆಬ್ಬೆಟ್ಟು ನಾನ ಒತ್ತಿದೆ. ಈಗ ಓದಲೇನ್ರಿ?"

ಮಣೆ ಸರಿಸಿ ಕೊಟ್ಟರು. ಓದತೊಡಗಿದೆ. ಬಾಗಿಲು ಹಾಕಿಕೊಂಡು ಬರೆಯುವ ಆ ಸಾಲಿಗೆ ಬಂದು ನಿಂತೆ.

"ನಿಮ್ಮ ಸರೂ ಓದಕೋತ ಈ ಸಾಲಿಗೇ ನಿಂತಿದ್ರು" ಎಂದರು ಆಕೆ.

"ಸರ್ ಬಂದಿದ್ರಾ?"

"ಗಲಾಟಿ ಆಗಿ ಎಂಟು ದಿನಕ್ಕ ಬಂದ್ರು. ಇಲ್ಲೇ ಕುಂತು ಪೂರಾ ಓದಿದ್ರು. ಆ ಹುಡುಗಿ ಯಾಕ ಬರಲಿಲ್ಲರೀ ಅಂತ ನಾ ಕೇಳಿದೆ. ಬರ್ತಾಳ್ರಿ, ಸ್ವಲ್ಪ ತಡಾ ಆಗಬಹುದು, ಬಂದಾಗ ಬೈಬ್ಯಾಡ್ರಿ ಅಂದ್ರು." ಕುಂಚವನ್ನು ನೀರಿಗೆ ಅದ್ದಿದರು. "ಆಮ್ಯಾಲೆ ಪ್ರತಿ ವರ್ಷ ಬರ್ತಿದ್ರವಾ. ಒಂದು ಗೊಂಬಿ ತಗೊಂಡು, ಹೋಗುವಾಗ ಬಾಗಲದಾಗ ನಿಂತು ಕೇಳೋರು, 'ಬಂದಿದ್ಲೇನ್ರಿ?' ಹೋದ ಸಲಾನೂ ಕೇಳಿದ್ರು. ಇನ್ನೂ ಇಲ್ರಿ ಅಂದೆ."